ಮೂಕಿ ತಾರೆಯರ ಹಸ್ತಾಕ್ಷರ: ಒಂದು ಹವ್ಯಾಸ, ಒಂದು ಶೋಧ

ಅಂಚೆ ಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವನ್ನು ಕೂಡಿಸುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹೆಸರಾಂತ ವ್ಯಕ್ತಿಗಳ ಹಸ್ತಾಕ್ಷರ ಸಂಗ್ರಹವೂ ಇದೇ ಸಾಲಿಗೆ ಸೇರಿದ್ದು. ಕ್ರಿಕೆಟ್ ಆಟಗಾರರೋ ಸಾಹಿತಿಗಳೋ ಊರಿಗೆ ಬಂದರೆ ಪುಸ್ತಕ, ಪೆನ್ನು ಹಿಡಿದು ಮುಂದೆ ನಿಂತರಾಯಿತು. ಆದರೆ ಈ ಹವ್ಯಾಸದಲ್ಲಿ ಒಂದು ಕಠಿಣವಾದ ಶಾಖೆಯಿದೆ. ಅದು ಮೂಕಿ ಚಿತ್ರಗಳ ನಟಿಯರ ಹಸ್ತಾಕ್ಷರ ಸಂಗ್ರಹ. ಆ ಕಾಲದ ನಾಯಕಿಯರಲ್ಲಿ ಯಾರೂ ಇಂದು ನಮ್ಮೊಂದಿಗಿಲ್ಲ. ಇಲ್ಲಿ ಸಹಿಯನ್ನು ಕೇಳಿ ಪಡೆಯುವಂತಿಲ್ಲ, ಹುಡುಕಿ ಪಡೆಯಬೇಕು. ಸಿಕ್ಕ ಮೇಲೆ ಅದು ಯಾರದು ಎಂಬುದನ್ನು ಸಾಧಿಸಿ ತೋರಿಸಬೇಕು. ಹಾಗಾಗಿ ಇದು ಅರ್ಧ ಇತಿಹಾಸ, ಅರ್ಧ ರಸಾಯನಶಾಸ್ತ್ರ.

ಮೂಕಿ ಎಂದರೆ ಮಾತು ಮುದ್ರಣಗೊಳ್ಳದ ಚಲನಚಿತ್ರ. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' 1913ರಲ್ಲಿ ತೆರೆಕಂಡಿತು. ಅದರಲ್ಲಿ ತಾರಾಮತಿಯ ಪಾತ್ರ ಮಾಡಿದವರು ಅಣ್ಣಾ ಸಾಳುಂಕೆ ಎಂಬ ಗಂಡಸು. ಹೆಂಗಸರು ಕ್ಯಾಮೆರಾದ ಮುಂದೆ ಬರಲು ಒಪ್ಪದ ಕಾಲವದು. ಅದೇ ವರ್ಷದ ಕೊನೆಗೆ ಬಂದ 'ಮೋಹಿನಿ ಭಸ್ಮಾಸುರ' ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದರು. ಭಾರತೀಯ ಚಲನಚಿತ್ರದ ಮೊದಲ ನಟಿಯರೆಂದು ಇವರನ್ನೇ ಹೆಸರಿಸುತ್ತಾರೆ. 1931ರ ಮಾರ್ಚ್ 14ರಂದು 'ಆಲಂ ಆರಾ' ಬಿಡುಗಡೆಯಾಗಿ ಪರದೆ ಮಾತನಾಡತೊಡಗಿತು. 1934ರ ಹೊತ್ತಿಗೆ ಮೂಕಿಯ ಕಾಲ ಮುಗಿದಿತ್ತು.

ಚಿತ್ರ ಅಳಿಯಿತು, ಕಾಗದ ಉಳಿಯಿತು

ಈ ಇಪ್ಪತ್ತೊಂದು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 1300 ಮೂಕಿ ಚಿತ್ರಗಳು ತಯಾರಾದವು. ಅವುಗಳಲ್ಲಿ ಇಂದು ಪೂರ್ತಿಯಾಗಿಯೋ ತುಣುಕಾಗಿಯೋ ಉಳಿದವು ಕೆಲವೇ ಕೆಲವು. ಉಳಿದವೆಲ್ಲ ಎಲ್ಲಿ ಹೋದವು?

ಉತ್ತರ ಫಿಲ್ಮಿನ ರಸಾಯನದಲ್ಲಿದೆ. ಆ ಕಾಲದ ಫಿಲ್ಮನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಸಿಡಿಮದ್ದಿನ ಹತ್ತಿಗೆ ಇದು ಹತ್ತಿರದ ಬಂಧು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ; ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಬೆಂಕಿ ತಗಲದಿದ್ದರೂ ಅದಕ್ಕೆ ನೆಮ್ಮದಿಯಿಲ್ಲ. ಸೆಕೆಗೆ ತಾನೇ ನಿಧಾನವಾಗಿ ಒಡೆದು ಸಾರಜನಕದ ಆಕ್ಸೈಡುಗಳನ್ನು ಹೊರಬಿಡುತ್ತದೆ. ಅವು ಗಾಳಿಯ ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ ಚಿತ್ರವನ್ನೇ ತಿನ್ನುತ್ತವೆ. ಫಿಲ್ಮು ಮೊದಲು ಅಂಟಾಗಿ, ಕಡೆಗೆ ಕಂದು ಬಣ್ಣದ ಪುಡಿಯಾಗಿ ಉದುರುತ್ತದೆ. ಟಾಕಿಗಳು ಬಂದ ಮೇಲೆ ಮೂಕಿಗೆ ಬೆಲೆಯಿಲ್ಲದಂತಾಗಿ, ಅದರಲ್ಲಿದ್ದ ಬೆಳ್ಳಿಗಾಗಿ ಫಿಲ್ಮನ್ನು ಕರಗಿಸಿ ಮಾರಿದ್ದೂ ಉಂಟು.

ಟೆಲಿವಿಷನ್ ಕೆಲಸದಲ್ಲಿರುವ ನನ್ನಂಥವರಿಗೆ ಈ ಕಥೆ ಅಪರಿಚಿತವೇನಲ್ಲ. ವಿಡಿಯೋ ಟೇಪು ದುಬಾರಿಯಾಗಿದ್ದ ದಿನಗಳಲ್ಲಿ, ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸಿಕೊಳ್ಳುವುದು ಜಗತ್ತಿನ ಅನೇಕ ಟಿ.ವಿ. ಕೇಂದ್ರಗಳಲ್ಲಿ ರೂಢಿಯಾಗಿತ್ತು.

ಹೀಗೆ ಚಿತ್ರವೇ ಹೋದ ಮೇಲೆ ಆ ನಟಿಯರ ಗುರುತಾಗಿ ಉಳಿದದ್ದು ಕಾಗದ ಮಾತ್ರ. ಒಂದು ಜಾಹೀರಾತು, ಒಂದು ಭಾವಚಿತ್ರ, ಒಂದು ಪತ್ರ, ಒಂದು ಸಹಿ. ಇವುಗಳಲ್ಲಿ ನಟಿ ತಾನೇ ತನ್ನ ಕೈಯಿಂದ ಮಾಡಿದ್ದು ಸಹಿಯೊಂದೇ.

ಶೇಡಬಾಳದಿಂದ ಕೊಲ್ಲಾಪುರಕ್ಕೆ

ಇದೆಲ್ಲ ಮುಂಬಯಿಯ ಮಾತಾಯಿತು, ನಮ್ಮ ಹಳ್ಳಿ-ಪಟ್ಟಣಗಳಿಗೆ ಇದರ ಸಂಬಂಧವೇನು ಎಂದು ನೀವು ಕೇಳಬಹುದು. ಬೆಳಗಾವಿ ಜಿಲ್ಲೆಯ ಕಾಗವಾಡದ ಹತ್ತಿರವಿರುವ ಶೇಡಬಾಳವನ್ನು ನಕಾಶೆಯಲ್ಲಿ ನೋಡಿ. ಬೆಳಗಾವಿ-ಮೀರಜ ರೈಲು ಮಾರ್ಗದ ಊರಿದು. ಇಲ್ಲಿಂದ ಬೆಂಗಳೂರಿಗೆ ಹೋಗಬೇಕಾದರೆ ಇಡೀ ರಾತ್ರಿ ಪ್ರಯಾಣ ಮಾಡಬೇಕು. ಮೀರಜದಲ್ಲಿ ಗಾಡಿ ಬದಲಾಯಿಸಿ ಕೊಲ್ಲಾಪುರಕ್ಕೆ ಹೋಗುವುದಾದರೆ ಒಂದು ಬೆಳಗು ಸಾಕು. ಆ ಕೊಲ್ಲಾಪುರ ಭಾರತದ ಮೂಕಿ ಚಿತ್ರಗಳ ದೊಡ್ಡ ಕೇಂದ್ರಗಳಲ್ಲಿ ಒಂದಾಗಿತ್ತು.

ಬಾಬುರಾವ್ ಪೇಂಟರ್ ಎಂಬ ಕಲಾವಿದರು ಅಲ್ಲಿ ತಾವೇ ಚಲನಚಿತ್ರದ ಕ್ಯಾಮೆರಾ ತಯಾರಿಸಿ, ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಅವರ 'ಸೈರಂಧ್ರಿ' 1920ರಲ್ಲಿ ತೆರೆಕಂಡಿತು. ಅದರಲ್ಲಿ ಗುಲಾಬಬಾಯಿ, ಅನಸೂಯಾಬಾಯಿ ಎಂಬಿಬ್ಬರು ಸ್ತ್ರೀಯರೇ ಸ್ತ್ರೀಪಾತ್ರಗಳನ್ನು ಮಾಡಿದರು. ಪರದೆಗಾಗಿ ಇವರಿಗೆ ಕಮಲಾದೇವಿ, ಸುಶೀಲಾದೇವಿ ಎಂಬ ಹೆಸರುಗಳನ್ನು ಇಡಲಾಯಿತು. ಇದೇ ಕಂಪನಿಯಲ್ಲಿ ಕೆಲಸ ಕಲಿತ ವಿ. ಶಾಂತಾರಾಮ್ ಮತ್ತು ಅವರ ಸಂಗಡಿಗರು 1929ರಲ್ಲಿ ಕೊಲ್ಲಾಪುರದಲ್ಲಿಯೇ ಪ್ರಭಾತ್ ಕಂಪನಿಯನ್ನು ತೆರೆದರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಸಹ ಚಿತ್ರೀಕರಣಗೊಂಡದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಹೀಗಿರುವಾಗ ಶೇಡಬಾಳ, ಅಥಣಿ, ರಾಯಬಾಗ, ನಿಪ್ಪಾಣಿಯ ವಿದ್ಯಾರ್ಥಿಗೆ ಈ ಇತಿಹಾಸ ದೂರದ್ದಲ್ಲ, ನೆರೆಮನೆಯದು.

ಇಲ್ಲಿ ಒಂದು ಅಂಕಿಯನ್ನು ನೆನಪಿಡಬೇಕು. 'ಸೈರಂಧ್ರಿ'ಯ ಮರುವರ್ಷ ನಡೆದ 1921ರ ಜನಗಣತಿಯ ಪ್ರಕಾರ ಭಾರತದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. 1931ರಲ್ಲಿಯೂ ಆ ಸಂಖ್ಯೆ ನೂರಕ್ಕೆ ಮೂರನ್ನು ಮುಟ್ಟಿರಲಿಲ್ಲ. ಆ ದಿನಗಳಲ್ಲಿ ಹೆಣ್ಣುಮಗಳೊಬ್ಬಳು ತನ್ನ ಹೆಸರನ್ನು ತಾನೇ ಬರೆಯುವುದು ದೊಡ್ಡ ಸಂಗತಿ. ಆದ್ದರಿಂದ ಯಾವುದಾದರೂ ಹಳೆಯ ಕರಾರುಪತ್ರದಲ್ಲಿ ನಟಿಯ ಸಹಿಯ ಬದಲು ಹೆಬ್ಬೆಟ್ಟಿನ ಗುರುತು ಕಂಡರೆ ಅದನ್ನು ಬದಿಗೆ ಸರಿಸಬೇಡಿ. ಸಹಿಯನ್ನು ಇನ್ನೊಬ್ಬರು ಅನುಕರಿಸಬಹುದು, ಹೆಬ್ಬೆಟ್ಟನ್ನು ಅನುಕರಿಸಲಾಗದು. ಹೆಬ್ಬೆಟ್ಟೂ ಹಸ್ತಾಕ್ಷರವೇ.

ಲಿಪಿಯ ವಿಷಯವೂ ಇದೆ. ಗಡಿಭಾಗದ ಮನೆಗಳಲ್ಲಿ ಅಜ್ಜನ ಕಾಲದ ಹೊಲದ ಪತ್ರಗಳನ್ನು ನೀವು ನೋಡಿದ್ದರೆ, ಗೆರೆಯ ಕೆಳಗೆ ತೇಲಿದಂತೆ ಓಡುವ ಮೋಡಿ ಅಕ್ಷರಗಳ ಪರಿಚಯ ಇರುತ್ತದೆ. ಮರಾಠಿಯ ಕೈಬರಹಕ್ಕೆ ಆಗ ಮೋಡಿ, ಅಚ್ಚಿಗೆ ಬಾಲಬೋಧ ಬಳಕೆಯಲ್ಲಿದ್ದವು. ಕೊಲ್ಲಾಪುರದ ಕಡೆಯ 1920ರ ದಶಕದ ಕಾಗದದಲ್ಲಿ ಓದಲು ಬಾರದ ಗೀಚು ಕಂಡರೆ, ಮೊದಲು ಮೋಡಿ ಬಲ್ಲ ಹಿರಿಯರಿಗೆ ತೋರಿಸಬೇಕು.

ಯಾವ ಸುಲೋಚನಾ? ಯಾವ ಕಮಲಾದೇವಿ?

ಸಂಗ್ರಾಹಕರು ಎಡವುವುದು ಹೆಚ್ಚಾಗಿ ಹೆಸರುಗಳಲ್ಲಿ. ಎರಡು ಉದಾಹರಣೆಗಳನ್ನು ನೋಡೋಣ.

ಮೂಕಿ ಕಾಲದ ಅತ್ಯಂತ ಜನಪ್ರಿಯ ತಾರೆ ಸುಲೋಚನಾ. ಈಕೆಯ ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿ, ಟೆಲಿಫೋನ್ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದವರು ಚಿತ್ರರಂಗಕ್ಕೆ ಬಂದರು. 1927ರ 'ವೈಲ್ಡ್ ಕ್ಯಾಟ್ ಆಫ್ ಬಾಂಬೆ' ಚಿತ್ರದಲ್ಲಿ ಎಂಟು ವೇಷಗಳಲ್ಲಿ ಕಾಣಿಸಿಕೊಂಡರು. 1973ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಇವರಿಗೆ ಸಂದಿತು. 1983ರಲ್ಲಿ ತೀರಿಕೊಂಡರು.

ಈಗ ನಿಮಗೆ ಕೊಲ್ಲಾಪುರದ ರದ್ದಿ ಅಂಗಡಿಯಲ್ಲಿ 'ಸುಲೋಚನಾ' ಎಂದು ಸಹಿಯಿರುವ ಒಂದು ಭಾವಚಿತ್ರ ಸಿಕ್ಕಿತೆಂದು ಭಾವಿಸಿ. ಅದು ಮೂಕಿ ತಾರೆಯದೇ? ಅವಸರ ಬೇಡ. ಚಿಕ್ಕೋಡಿ-ನಿಪ್ಪಾಣಿ ಭಾಗದ ಖಡಕಲಾಟ ಗ್ರಾಮದಲ್ಲಿ 1928ರಲ್ಲಿ ಹುಟ್ಟಿ, ಮುಂದೆ ಮರಾಠಿ, ಹಿಂದಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ಮನೆಮಾತಾದ ಸುಲೋಚನಾ ಲಾಟಕರ್ ಒಬ್ಬರಿದ್ದಾರೆ. ಕೊಲ್ಲಾಪುರದ ಸ್ಟುಡಿಯೋಗಳಲ್ಲಿಯೇ ಬೆಳೆದ ಕಲಾವಿದೆ ಇವರು. 2023ರ ಜೂನ್‌ನಲ್ಲಿ ನಿಧನರಾದರು. ಮೂಕಿ ಚಿತ್ರಗಳು ಮುಗಿದಾಗ ಇವರಿನ್ನೂ ಆರು ವರ್ಷದ ಕೂಸು. ನಮ್ಮ ಭಾಗದಲ್ಲಿ ಸಿಗುವ 'ಸುಲೋಚನಾ' ಸಹಿ ಇವರದಾಗಿರುವ ಸಂಭವವೇ ಹೆಚ್ಚು. ಅದೂ ಬೆಲೆಯುಳ್ಳದ್ದೇ, ಆದರೆ ಮೂಕಿಯ ಸಾಲಿಗೆ ಸೇರದು. ಲಾವಣಿ ಗಾಯಕಿ ಸುಲೋಚನಾ ಚವ್ಹಾಣ ಮತ್ತೊಬ್ಬರು. ಇನ್ನು 1934ರ ಮಾರ್ಚ್ 3ರಂದು ತೆರೆಕಂಡ 'ಸತಿ ಸುಲೋಚನಾ'ದಲ್ಲಿ ಸುಲೋಚನೆ ಪಾತ್ರದ ಹೆಸರು. ಆ ಪಾತ್ರ ಮಾಡಿದವರು ತ್ರಿಪುರಾಂಬ.

ಎರಡನೆಯ ಹೆಸರು ಕಮಲಾದೇವಿ. ಕೊಲ್ಲಾಪುರದ ಗುಲಾಬಬಾಯಿ ಪರದೆಯ ಮೇಲೆ ಕಮಲಾದೇವಿ ಎಂಬುದನ್ನು ಆಗಲೇ ಹೇಳಿದೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಮೂಕಿ ಚಿತ್ರದಲ್ಲಿ ಅಭಿನಯಿಸಿದವರೇ. ಮೋಹನ್ ಭವನಾನಿಯವರು ಶೂದ್ರಕನ ಸಂಸ್ಕೃತ ನಾಟಕವನ್ನು ಆಧರಿಸಿ ತೆಗೆದ 'ವಸಂತಸೇನಾ' ಅಥವಾ 'ಮೃಚ್ಛಕಟಿಕ'ದಲ್ಲಿ ಅವರು ಪಾತ್ರ ವಹಿಸಿದ್ದರು. ನಾಯಕಿ ಏಣಾಕ್ಷಿ ರಾಮರಾವ್. 'ಮೋಹಿನಿ ಭಸ್ಮಾಸುರ'ದ ಕಮಲಾಬಾಯಿ ಮದುವೆಯ ನಂತರ ಕಮಲಾಬಾಯಿ ಗೋಖಲೆ ಎಂದು ಹೆಸರಾದರು. ನಟ ವಿಕ್ರಮ್ ಗೋಖಲೆಯವರಿಗೆ ಅವರು ಅಜ್ಜಿ. ಅಲ್ಲಿಗೆ 'ಕಮಲಾ' ಎಂಬ ಒಂದೇ ಹೆಸರಿನ ಹಿಂದೆ ಮೂವರು ನಟಿಯರಾದರು.

ಇದರಿಂದ ಒಂದು ನಿಯಮ ಹೊರಡುತ್ತದೆ. ಸಹಿಯಲ್ಲಿರುವ ಹೆಸರನ್ನು ಓದಿದ ಕೂಡಲೇ ತೀರ್ಮಾನಕ್ಕೆ ಬರಬಾರದು. ಆ ಹೆಸರಿನವರು ಎಷ್ಟು ಮಂದಿ, ಯಾರು ಯಾವ ವರ್ಷ ಹುಟ್ಟಿದರು, ಯಾವ ಊರಲ್ಲಿ ಕೆಲಸ ಮಾಡಿದರು, ಯಾವ ಲಿಪಿ ಬಲ್ಲವರು ಎಂದು ಒಂದು ಪಟ್ಟಿ ಮಾಡಿ, ಹೊಂದದವರನ್ನು ಒಬ್ಬೊಬ್ಬರಾಗಿ ಬಿಡುತ್ತ ಹೋಗಬೇಕು.

ಯಾರ ಸಹಿ ಉಳಿಯುತ್ತದೆ?

ಇಬ್ಬರು ಕಮಲಾದೇವಿಯರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯ ಹೋರಾಟಗಾರ್ತಿ. ಸ್ವಾತಂತ್ರ್ಯಾನಂತರ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಮುನ್ನಡೆಸಿದವರು, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. 1988ರಲ್ಲಿ ತೀರಿಕೊಳ್ಳುವವರೆಗೂ ದೇಶದ ನಾನಾ ಸಂಸ್ಥೆಗಳೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಅವರ ಸಹಿಯುಳ್ಳ ಕಾಗದಗಳು ಕಡತಗಳಲ್ಲಿ ಭದ್ರವಾಗಿವೆ. ಏಣಾಕ್ಷಿಯವರು ಮದುವೆಯಾಗಿ ಏಣಾಕ್ಷಿ ಭವನಾನಿ ಎನಿಸಿಕೊಂಡು, ಭಾರತೀಯ ನೃತ್ಯದ ಬಗ್ಗೆ ಗ್ರಂಥ ಬರೆದರು. ಅವರು ಮುಮ್ತಾಜ್ ಪಾತ್ರ ಮಾಡಿದ 1928ರ 'ಶಿರಾಜ್' ಚಿತ್ರ ವಿದೇಶಿ ಸಹಭಾಗಿತ್ವದಲ್ಲಿ ತಯಾರಾಗಿದ್ದರಿಂದ ಅದರ ಪ್ರತಿ ಹೊರದೇಶದಲ್ಲಿ ಉಳಿಯಿತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಅದನ್ನು ಸರಿಪಡಿಸಿ ಪ್ರದರ್ಶಿಸಿತು. ಗುಬ್ಬಿ ವೀರಣ್ಣನವರ ಮೂಕಿ ಚಿತ್ರದಲ್ಲಿ ನಟಿಸಿದ ಬಿ. ಜಯಮ್ಮ ಮುಂದೆ ವಾಕ್ಚಿತ್ರಗಳಲ್ಲಿಯೂ ಹೆಸರು ಮಾಡಿದರು. ಲಲಿತಾ ಪವಾರ್ ಮೂಕಿ ಚಿತ್ರಗಳಲ್ಲಿ ಆರಂಭಿಸಿ, 1987ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ರಾಮಾಯಣ' ಧಾರಾವಾಹಿಯ ಮಂಥರೆಯಾಗುವವರೆಗೆ ಬಾಳಿದರು.

ಆದರೆ ಗುಲಾಬಬಾಯಿ, ಅನಸೂಯಾಬಾಯಿಯವರಂಥವರಿಗೆ ಕಡತ ಎಲ್ಲಿಂದ ಬರಬೇಕು? ಸಿನಿಮಾದಲ್ಲಿ ನಟಿಸುವ ಹೆಂಗಸನ್ನು ಸಮಾಜ ಒಳ್ಳೆಯ ಕಣ್ಣಿನಿಂದ ನೋಡದ ಕಾಲದಲ್ಲಿ ಅವರು ಮುಂದೆ ಬಂದರು. ಅವರಿಗೆ ಹೆಸರನ್ನೂ ಕಂಪನಿಯವರೇ ಇಟ್ಟರು. ಯಾರ ಪತ್ರಗಳನ್ನು ಜತನ ಮಾಡಬೇಕೆಂದು ಸಮಾಜಕ್ಕೆ ತೋರಿತೋ ಅವರ ಸಹಿ ಉಳಿದಿದೆ. ಹಾಗಾಗಿ ಒಬ್ಬ ನಟಿಯ ಸಹಿ ವಿರಳವಾಗಿರುವುದು ಆಕೆ ಸಣ್ಣ ಕಲಾವಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಈ ಹವ್ಯಾಸದ ನಿಜವಾದ ಕೆಲಸವಿರುವುದು ಇಂಥವರನ್ನು ಹುಡುಕುವುದರಲ್ಲಿ.

ಶಾಯಿಯ ಪರೀಕ್ಷೆ

ಸಿಕ್ಕ ಸಹಿ ಆ ಕಾಲದ್ದೇ ಎಂದು ತಿಳಿಯುವುದು ಹೇಗೆ? ಮನೆಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಸಾಕು.

ಮೊದಲನೆಯದು, ಸಹಿ ಕೈಬರಹವೋ ಅಚ್ಚೋ ಎಂಬುದು. ತಾರೆಯರ ಭಾವಚಿತ್ರದ ಕಾರ್ಡುಗಳಲ್ಲಿ ಸಹಿಯನ್ನೂ ಸೇರಿಸಿಯೇ ಮುದ್ರಿಸುವುದುಂಟು. ಮಸೂರದಲ್ಲಿ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಅದು ಅಚ್ಚು. ಫೋಟೋವನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ, ಶಾಯಿಯಿಂದ ಬರೆದ ಗೆರೆಯ ಹೊಳಪು ಫೋಟೋದ ಹೊಳಪಿಗಿಂತ ಬೇರೆಯಾಗಿ ಕಾಣುತ್ತದೆ. ಗೆರೆಯ ಹೊಳಪೂ ಸುತ್ತಲಿನ ಹೊಳಪೂ ಒಂದೇ ಆಗಿದ್ದರೆ ಸಹಿ ನೆಗೆಟಿವ್‌ನಲ್ಲಿಯೇ ಇತ್ತು ಎಂದು ತಿಳಿಯಬೇಕು.

ಎರಡನೆಯದು, ಯಾವ ಪೆನ್ನು ಎಂಬುದು. 1920ರ ದಶಕದಲ್ಲಿ ಇದ್ದದ್ದು ಅದ್ದಿ ಬರೆಯುವ ಟಾಕು ಮತ್ತು ಫೌಂಟನ್ ಪೆನ್ನು. ಟಾಕಿನ ಗೆರೆ ಕೆಳಗೆ ಎಳೆಯುವಾಗ ದಪ್ಪ, ಮೇಲೆ ಹೋಗುವಾಗ ಸಣ್ಣ. ಅಂಚಿನಲ್ಲಿ ಶಾಯಿ ಕಾಗದದ ನಾರಿಗೆ ಹರಡಿರುತ್ತದೆ. ಬಾಲ್ ಪೆನ್ನಿನ ಗೆರೆ ಒಂದೇ ದಪ್ಪ, ಕಾಗದದಲ್ಲಿ ಸಣ್ಣ ತೋಡು ಬಿದ್ದಿರುತ್ತದೆ. ಬಾಲ್ ಪೆನ್ನು ಮಾರುಕಟ್ಟೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1945ರ ನಂತರ. ಹಾಗಾದರೆ 1928ರ ಫೋಟೋದ ಮೇಲೆ ಬಾಲ್ ಪೆನ್ನಿನ ಸಹಿ ಇದ್ದರೆ ಅದು ಸುಳ್ಳೇ? ಅಷ್ಟು ಬೇಗ ಹೇಳಲಾಗದು. ಸುಲೋಚನಾ 1983ರವರೆಗೆ ಬದುಕಿದ್ದರು; ಹಳೆಯ ಫೋಟೋಕ್ಕೆ 1970ರಲ್ಲಿ ಸಹಿ ಹಾಕಿರಬಹುದು. ಆದರೆ ಅದೇ ಸಹಿಯ ಪಕ್ಕದಲ್ಲಿ '1928' ಎಂದು ಅದೇ ಪೆನ್ನಿನಲ್ಲಿ ತಾರೀಖು ಬರೆದಿದ್ದರೆ ಆಗ ಅನುಮಾನ ಪಡಲೇಬೇಕು.

ಮೂರನೆಯದು ಶಾಯಿಯ ಬಣ್ಣ. ಅಳಲೆಕಾಯಿಯಂಥ ಒಗರು ಕಾಯಿಗಳ ಟ್ಯಾನಿನ್ ಜೊತೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬೆರೆತರೆ ಕಪ್ಪು ಶಾಯಿಯಾಗುತ್ತದೆ. ಕಾಗದದ ಮೇಲೆ ಗಾಳಿಯ ಆಮ್ಲಜನಕ ತಗಲಿದಂತೆ ಇದು ಇನ್ನಷ್ಟು ಕಪ್ಪಾಗಿ, ಹಲವು ದಶಕಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಇದರ ಆಮ್ಲ ಕೆಲವೊಮ್ಮೆ ಗೆರೆಯ ಉದ್ದಕ್ಕೂ ಕಾಗದವನ್ನೇ ಸುಡುತ್ತದೆ. ಇಂಥ ಗುರುತನ್ನು ಹೊಸದಾಗಿ ಹುಟ್ಟಿಸುವುದು ಸುಲಭವಲ್ಲ.

ನಾಲ್ಕನೆಯದು ಕಾಗದ. ಸುಮಾರು 1950ರಿಂದ ಈಚೆಗೆ ಕಾಗದ ಬೆಳ್ಳಗೆ ಕಾಣಲೆಂದು ಒಂದು ಬಗೆಯ ಹೊಳಪು ರಾಸಾಯನಿಕವನ್ನು ಸೇರಿಸುತ್ತಾರೆ. ಬ್ಯಾಂಕಿನಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಕೆಳಗೆ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. 1925ರ ಪತ್ರವೆಂದು ಹೇಳಲಾದ ಕಾಗದ ಹೀಗೆ ಹೊಳೆದರೆ ಅದನ್ನು ನಂಬಬೇಕಾಗಿಲ್ಲ. ಲಕೋಟೆ ಇದ್ದರೆ ಇನ್ನೂ ಒಳ್ಳೆಯದು. ಅಂಚೆ ಚೀಟಿಯಲ್ಲಿ ಐದನೆಯ ಜಾರ್ಜ್ ದೊರೆಯ ಚಿತ್ರ, ಮುದ್ರೆಯಲ್ಲಿ ಊರು, ತಾರೀಖು ಸಿಗುತ್ತವೆ.

ಐದನೆಯದಾಗಿ, ಸಹಿ ನಿಜವಾದ ಶಾಯಿಯದೇ ಆಗಿದ್ದರೂ ನಟಿಯದಾಗಿರಲಿಕ್ಕಿಲ್ಲ. ಅಭಿಮಾನಿಗಳ ಪತ್ರ ಹೆಚ್ಚಿದಾಗ ಕಚೇರಿಯವರೇ ಸಹಿ ಹಾಕಿ ಕಳಿಸುವ ಪದ್ಧತಿ ಜಗತ್ತಿನ ಎಲ್ಲ ಚಿತ್ರರಂಗಗಳಲ್ಲಿ ಇದ್ದದ್ದೇ. ಇದಕ್ಕೆ ಮದ್ದು ಹೋಲಿಕೆ. ಕರಾರುಪತ್ರ, ಖಾಸಗಿ ಪತ್ರ, ಹಣ ಪಡೆದ ರಸೀದಿ ಇವುಗಳ ಮೇಲಿನ ಸಹಿ ಆಲ್ಬಮ್ಮಿನ ಸಹಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಹುಡುಕುವಾಗ, ಕಾಪಾಡುವಾಗ

ವಿದ್ಯಾರ್ಥಿಗಳು ಹಣ ಕೊಟ್ಟು ಹರಾಜಿನಲ್ಲಿ ಕೊಳ್ಳಬೇಕಾಗಿಲ್ಲ. ಹಳೆಯ ಫೋಟೋ ಸ್ಟುಡಿಯೋ, ನಾಟಕ ಕಂಪನಿಯಲ್ಲಿದ್ದವರ ಮನೆ, ಅಟ್ಟದ ಮೇಲಿನ ಟ್ರಂಕು, ರದ್ದಿ ಅಂಗಡಿ ಇವೇ ನಿಮ್ಮ ಗಣಿಗಳು. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳಲ್ಲದೆ ಪೋಸ್ಟರು, ಹಾಡಿನ ಪುಸ್ತಕ, ಸ್ಥಿರಚಿತ್ರಗಳೂ ಇವೆ. ಕೆಲಸಕ್ಕೆ ಇಳಿಯುವವರು ಈ ಮಾತುಗಳನ್ನು ಗಮನದಲ್ಲಿಡಬೇಕು.

1. ಪತ್ರದಿಂದ ಸಹಿಯನ್ನು ಕತ್ತರಿಸಬೇಡಿ. ಸುತ್ತಲಿನ ಬರಹವಿಲ್ಲದ ಸಹಿ ಅರ್ಧ ಬೆಲೆ ಕಳೆದುಕೊಂಡಂತೆ.

2. ಅಂಟುಪಟ್ಟಿ, ಗೋಂದು, ಲ್ಯಾಮಿನೇಶನ್ ಮಾಡಬೇಡಿ. ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಮತ್ತೆ ತೆಗೆಯಲಾಗದು.

3. ಅಗ್ಗದ ಪಿ.ವಿ.ಸಿ. ಆಲ್ಬಮ್ಮು ಬೇಡ. ಅದು ಕಾಲಕ್ರಮದಲ್ಲಿ ಆಮ್ಲವನ್ನು ಬಿಡುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಉತ್ತಮ. ಬಿಸಿಲು, ತೇವ, ಗೆದ್ದಲಿನಿಂದ ದೂರವಿಡಿ. ಬಿಸಿಲಿಗೆ ಬಣ್ಣದ ಶಾಯಿ ಬೇಗ ಮಾಸುತ್ತದೆ.

4. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವ ತಾರೀಖು, ಅವರು ಏನು ಹೇಳಿದರು ಎಂಬುದನ್ನು ಅಂದೇ ಬೇರೆ ಕಾಗದದಲ್ಲಿ ಬರೆದಿಡಿ. ಸಹಿಯಿರುವ ಕಾಗದದ ಮೇಲೆ ಬರೆಯಬೇಡಿ.

5. ಮನೆಯವರು ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ. ಮೂಲ ಅವರ ಮನೆಯಲ್ಲಿಯೇ ಇರಲಿ. ಅವರ ಅನುಮತಿ ಪಡೆದು ಒಂದು ಸ್ಪಷ್ಟವಾದ ಫೋಟೋ ತೆಗೆದುಕೊಂಡರೆ ಅಧ್ಯಯನಕ್ಕೆ ಸಾಕು.

ಕೊನೆಯ ಮಾತಿಗೆ ಇನ್ನಷ್ಟು ವಿವರಣೆ ಬೇಕು. ಅಜ್ಜಿಯೋ ಮುತ್ತಜ್ಜಿಯೋ ಸಿನಿಮಾದಲ್ಲಿದ್ದಳು ಎಂಬುದನ್ನು ಮರೆಮಾಚಬೇಕಾಗಿ ಬಂದ ಕುಟುಂಬಗಳಿರಬಹುದು. ಅಂದಿನ ನಿಂದೆಯ ನೋವು ಮೂರು ತಲೆಮಾರಿನವರೆಗೆ ಉಳಿದರೂ ಆಶ್ಚರ್ಯವಿಲ್ಲ. ಅಂಥ ಮನೆಗೆ ಹೋಗುವವರು ಬೇಟೆಗಾರರಂತೆ ಹೋಗಬಾರದು. ಮೊದಲು ಆ ಹಿರಿಯರ ಮಾತು ಕೇಳಬೇಕು. ಅವರು ಹೆಸರನ್ನು ಹೊರಗೆ ಹೇಳಬೇಡಿ ಎಂದರೆ ಹೇಳಬಾರದು.

ಶೇಡಬಾಳದ ಕಡೆಯ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಅವರು ಕನ್ನಡದಲ್ಲಿ ಓದುತ್ತಾರೆ, ಮರಾಠಿಯಲ್ಲಿ ಮಾತನಾಡಬಲ್ಲರು, ಮೋಡಿ ಬಲ್ಲ ಅಜ್ಜಂದಿರು ಊರಲ್ಲಿ ಇನ್ನೂ ಒಬ್ಬಿಬ್ಬರು ಸಿಕ್ಕಾರು. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕುಳಿತ ಸಂಶೋಧಕನಿಗೆ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಬರುವ ರಜೆಯಲ್ಲಿ ಮನೆಯ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಕಂಪನಿಯ ಹೆಸರು, ಅಪರಿಚಿತ ಬಾಯಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಕಂಡರೆ ಅದನ್ನು ಬೇರೆ ತೆಗೆದಿಟ್ಟು, ತಾರೀಖು ಹಾಕಿ, ನಿಮ್ಮ ಇತಿಹಾಸದ ಶಿಕ್ಷಕರಿಗೆ ತೋರಿ. ಆಕೆಯ ಚಿತ್ರ ಬಹುಶಃ ಪುಡಿಯಾಗಿ ಹೋಗಿರುತ್ತದೆ; ಆ ಹೆಸರನ್ನಾದರೂ ಸರಿಯಾದ ವ್ಯಕ್ತಿಗೆ ಮರಳಿಸುವ ಕೆಲಸ ನಿಮ್ಮಿಂದ ಆಗಬಹುದು.